ನೀರಗಂಟಿ

ಬಿಂಗ್ಲಿಯಲ್ಲಿ ಕಾಲುವೆ ಗುಡ್ಡ ಹತ್ತುತ್ತದೆ,
ಐದು ಮೆಟ್ಟಿಲು, ಒಂದೊಂದಕ್ಕೂ ಕರಿಮರದ ಜೋಡಿಕದ.
ಅರ್ನಾಲ್ಡ್ ಸಗ್ಡನ್ ಇಪ್ಪತ್ತಾರು ವರ್ಷ ಇಲ್ಲಿ ನೀರಗಂಟಿ.
ಅವನ ಭಾಷೆಯ ಹೆಸರಿಗೆ ಕೆರೆಯ ವಾಸನೆ ಇಲ್ಲ;
ಮನಸ್ಸಿನಲ್ಲೇ ನಾನು ಹಾಗೆ ಕರೆದುಕೊಂಡೆ.

"ದೋಣಿ ಹತ್ತಬೇಕಾದರೆ ಮೇಲೆ ತುಂಬಿರಬೇಕು, ಕೆಳಗೆ ಬರಿದಿರಬೇಕು.
ನೀನೇನು ಮಾಡ್ತೀಯಮ್ಮ?"
ಲೀಡ್ಸಿನಲ್ಲಿ, ಎಂದೆ,
ನಾನೂ ತೂಬು ಕಾಯುತ್ತೇನೆ.

ಫ್ಲೂ ವೈರಸ್ಸಿನ ಮೈಯಲ್ಲೊಂದು ತೂಬು.
ತೊಂಬತ್ತೇಳು ಮಣಿಯ ಸರ; ಅಂಥ ನಾಲ್ಕು
ಹೆಗಲಿಗೆ ಹೆಗಲು ಕೊಟ್ಟು ನಿಂತರೆ ನಡುವೆ ಸಂದು,
ನೀರಿನ ಕಣವೂ ಸಾಲುಗಟ್ಟಿ ನಿಲ್ಲಬೇಕಾದ ಸಂದು.
ಜೀವಕೋಶ ವೈರಸ್ಸನ್ನು ನುಂಗುತ್ತದೆ,
ಅರಗಿಸಿಬಿಡುತ್ತೇನೆಂದು ಒಡಲಲ್ಲಿ ಹುಳಿ ಏರಿಸುತ್ತದೆ.
ಮೂವತ್ತೇಳನೆಯ ಮಣಿಗೆ ಆ ಹುಳಿಯೇ ಬೀಗದಕೈ.
ಒಂದು ಪ್ರೋಟಾನು ಒಳಗೆ, ಇನ್ನೊಂದು, ಮತ್ತೊಂದು,
ಬಿಗಿದ ಗಂಟು ಸಡಿಲ,
ಬೀಜ ಹೊರಗೆ.

ನನಗೆ ಕಾಣುವುದು ಇಷ್ಟೂ ಅಲ್ಲ.
ಕಪ್ಪೆಯ ತತ್ತಿಯೊಂದರಲ್ಲಿ ಆ ತೂಬು ಬೆಳೆಸಿ
ಎರಡು ಗಾಜಿನ ಸೂಜಿ ಚುಚ್ಚಿ
ಹುಳಿ ಹನಿಸುತ್ತೇನೆ.
ಪರದೆಯ ಮೇಲಿನ ಗೆರೆ ಕೆಳಗೆ ಬೀಳುತ್ತದೆ.

"ಬಿರಡೆ ಇಲ್ಲವಾ ಅದಕ್ಕೆ?"
ಇತ್ತು. ಅಮಾಂಟಡಿನ್. ಆ ಸಂದಿಗೆಂದೇ ಕಡೆದ ಹಾಗೆ.
ವೈರಸ್ ಒಂದೇ ಒಂದು ಮಣಿ ಬದಲಿಸಿತು, ಮೂವತ್ತೊಂದನೆಯದು.
ಈಗ ಬಿರಡೆ ಕೂರುವುದಿಲ್ಲ. ಫ್ಲೂ ಎಂದು ಹೋದರೆ
ಯಾವ ಡಾಕ್ಟರೂ ಅದನ್ನು ಬರೆದುಕೊಡುವುದಿಲ್ಲ.

ಅವನು ನಕ್ಕ. ಕೋಟಿನ ಜೇಬಿನಿಂದ ಡಬ್ಬಿ ತೆಗೆದ.
ಹೊತ್ತು ಹಿಡಿಯಿತು; ಎಡಗೈ ತನ್ನ ಪಾಡಿಗೆ
ಇಲ್ಲದ ಜಪಸರ ಎಣಿಸುತ್ತಿತ್ತು.
ಮಂಗಳವಾರದ ಗೂಡಿನಲ್ಲಿ ಕ್ಯಾಪ್ಸೂಲು.
ಅದೇ ಹೆಸರು.

"ಪಾರ್ಕಿನ್ಸನ್ಸ್," ಎಂದ,
ನಾಳೆ ಮೋಡ ಎನ್ನುವವನಂತೆ.

ಸೋತ ಔಷಧಿಗಳು ಎಂಬ ತಲೆಬರಹದಡಿ
ಪ್ರತಿ ಅಕ್ಟೋಬರಿನಲ್ಲೂ ಪಾಠ ಹೇಳಿದ್ದೇನೆ ಅದರ ಬಗ್ಗೆ.
ಇಲ್ಲಿ ಅದು ದಿನಕ್ಕೆರಡು ಸಲ
ಮುದುಕನ ತಲೆಯೊಳಗೆ ಬೇರೆ ಯಾವುದೋ ಕದ ಒರಗಿ ನಿಲ್ಲುತ್ತಿದೆ.
ಯಾವ ಕದ, ಪೂರ್ತಿ ಗೊತ್ತಿಲ್ಲ ನಮಗೂ.

ಕೆಳಗೆ ದೋಣಿಯೊಂದು ಗಂಟೆ ಬಾರಿಸಿತು.
ಅವನಿಗೆ ಈಗ ಸಂಬಳವಿಲ್ಲ, ಆದರೂ ಎದ್ದ.
"ಕೈಯಲ್ಲಿ ನೂಕಬೇಡ, ಬೆನ್ನು ಕೊಡು."
ಕೊಟ್ಟೆ. ಕದ ಅಲುಗಲಿಲ್ಲ.
"ತಡಿ. ಎರಡೂ ಕಡೆ ನೀರು ಸಮ ಆಗಲಿ,
ಅಲ್ಲಿಯ ತನಕ ಯಾರಪ್ಪನಿಗೂ ಬಗ್ಗಲ್ಲ ಇದು."

ತಡೆದೆವು.
ಆಮೇಲೆ, ತೊಲೆ ತಾನಾಗಿ ಹೊರಟಂತೆ,
ಸರಿಯಿತು.
ಮರಕ್ಕೆ ಒತ್ತಿದ್ದಷ್ಟು ಹೊತ್ತೂ ಅವನ ಎಡಗೈ ನಡುಗಲಿಲ್ಲ.
ಬಿಟ್ಟ ಮೇಲೆ
ಮತ್ತೆ ಎಣಿಕೆ.