ಒತ್ತಿದರೆ ಮಣಿಯುವುದು

ಕೈಯಲ್ಲಿಲ್ಲ, ಪಾದದಲ್ಲಿಲ್ಲ, ಮೊಣಕೈ ಮಡಿಕೆಯಲ್ಲೂ ಇಲ್ಲ.
ಆರು ಚುಚ್ಚು, ಆರು ಹತ್ತಿಯುಂಡೆ.
ಮಿರಜಿನ ಈ ಆಸ್ಪತ್ರೆಯ ಎರಡನೇ ಮಾಳಿಗೆಯಲ್ಲಿ
ರಾತ್ರಿ ಎರಡೂಕಾಲಿಗೆ
ಆಫ್ರೀನಳ ಸಿರೆಗಳೆಲ್ಲ ಬಾಗಿಲು ಹಾಕಿಕೊಂಡಿವೆ.
ಉಳಿದದ್ದು ಕುತ್ತಿಗೆ.

ಎರಡು ವರ್ಷದ ಕೂಸಿಗೆ ಕುತ್ತಿಗೆಯೆಂಬುದು ಎಲ್ಲಿದೆ ಹೇಳಿ?
ಗದ್ದ ಮುಗಿದಲ್ಲಿ ಎದೆ ಶುರು,
ನಡುವೆ ಹಾಲು ಬೆವರು ಸೇರಿ ಕಟ್ಟಿದ ಒಂದು ಮಡಿಕೆ,
ಅದರೊಳಗೆ ಕಪ್ಪು ದಾರದ ತಾಯಿತ.
ಕತ್ತರಿಸಬೇಡಿ, ಬಿಚ್ಚಿ ಕೊಡಿ, ಎಂದೆ ಸಿಸ್ಟರಿಗೆ.
ಗಂಟು ಅರ್ಧ ನಿಮಿಷ ಹಿಡಿಯಿತು.
ಆ ಅರ್ಧ ನಿಮಿಷ ನಮ್ಮಲ್ಲಿರಲಿಲ್ಲ; ಆದರೂ.

ಬಾಗಿಲಲ್ಲಿ ಸಹಿ ಹಾಕುವಾಗ ಅವಳ ಅಪ್ಪ ದಸ್ತಗೀರ,
ಉಗುರ ಸಂದಿಯಲ್ಲಿ ತಂಬೂರಿಗೆ ಬಳಿದ ಅರಗು,
ಒಂದೇ ಮಾತು ಕೇಳಿದ್ದ:
‘ತಂತಿ ಅಂದ್ರಿ. ಎಷ್ಟು ನಂಬರಿನ ತಂತಿ?’
ನನಗೆ ಹೇಳಲು ಬರಲಿಲ್ಲ.

ಭುಜದಡಿ ಟವೆಲ್ಲಿನ ಸುರುಳಿ. ತಲೆಗಡೆ ಮಂಚ ತುಸು ತಗ್ಗು.
ಸಾಯಲಿ ತಲೆಯನ್ನು ಪೂರಾ ಎಡಕ್ಕೆ ಹೊರಳಿಸಿದಳು.
ಅಷ್ಟು ಬೇಡ, ಎಂದೆ ಮರಾಠಿಯಲ್ಲಿ.
ಹೆಚ್ಚು ಹೊರಳಿಸಿದರೆ ಸಿರೆ ಹೋಗಿ ಧಮನಿಯ ಮೇಲೆ ಮಲಗುತ್ತದೆ,
ಸೂಜಿ ಒಂದನ್ನು ದಾಟಿ ಇನ್ನೊಂದಕ್ಕೆ.
ಕಿಟಕಿಯಲ್ಲಿ ಯಾರೋ ಕರೆದರೆ ಮಗು ಎಷ್ಟು ತಿರುಗೀತೋ
ಅಷ್ಟೇ ಸಾಕು.

ಪರದೆಯ ಮೇಲೆ ಎರಡು ಕಪ್ಪು.
ದುಂಡಗೆ, ಒಂದೇ ಸಮನೆ ಬಡಿಯುವುದು ಧಮನಿ.
ಅದರ ಹೊರಮಗ್ಗುಲಿಗೆ, ಸ್ನಾಯುವಿನ ಎರಡು ಕವಲು ಕೂಡುವ ಮೂಲೆಯಡಿ
ನೀರು ಬತ್ತಿದ ಚೀಲದಂತೆ ಚಪ್ಪಟೆ ಬಿದ್ದದ್ದು
ಒಳ ಕಂಠಸಿರೆ.
ಗೊತ್ತಾಗದಿದ್ದರೆ ಒತ್ತಿ ನೋಡು:
ಒತ್ತಿದರೆ ಮಣಿಯುವುದು ಸಿರೆ.
ಮಣಿಯದ್ದಕ್ಕೆ ಸೂಜಿ ತೋರಿಸಬೇಡ.
ಮಂದಾಕಿನಿ ಸಿಸ್ಟರ್ ಬಲ ಪಕ್ಕೆಯಡಿ ಅಂಗೈಯಿಟ್ಟು
ಯಕೃತ್ತನ್ನು ಮೆಲ್ಲಗೆ ಅದುಮಿದರು.
ಚೀಲ ಉಬ್ಬಿತು, ಒಂದು ಅಲಸಂದೆ ಕಾಳಿನಷ್ಟು.

ಮೊದಲ ವರ್ಷ ನಾನು ಒತ್ತಿ ನೋಡಿರಲಿಲ್ಲ.
ಈ ಪರದೆ ಆಗಿರಲಿಲ್ಲ ಎನ್ನಬಹುದು; ಬೆರಳಿತ್ತಲ್ಲ.
ಜತ್ತದ ಕಡೆಯ ಹುಡುಗ. ಕೆಂಪಗೆ ಚಿಮ್ಮಿತು, ತಾಳಕ್ಕೆ.
ಹದಿನೈದು ನಿಮಿಷ ಅದುಮಿ ಹಿಡಿದು ನಿಂತೆ,
ಗೋಡೆಯ ಗಡಿಯಾರ ನನ್ನ ಹೆಬ್ಬೆರಳೊಳಗೆ ನಡೆಯುತ್ತಿತ್ತು.
ಹುಡುಗ ಉಳಿದ. ಅವನ ಹೆಸರು ಮರೆತಿದ್ದೇನೆ,
ಹೆಬ್ಬೆರಳು ಮರೆತಿಲ್ಲ.

ಸೂಜಿ. ಆಳ ಬೇಡ, ಒಂದು ಸೆಂಟಿಮೀಟರೂ ಬೇಡ,
ಕೆಳಗೆ ಶ್ವಾಸಕೋಶದ ಗುಮ್ಮಟ ಕೊರಳತನಕ ತಲೆಯೆತ್ತಿ ಕೂತಿದೆ.
ಹೋಗುವಾಗ ಏನೂ ಇಲ್ಲ.
ಹಿಂದೆ ಎಳೆಯುತ್ತ ಬರುವಾಗ ಸಿರಿಂಜಿನಲ್ಲಿ
ನೇರಳೆ ಹಣ್ಣಿನ ಬಣ್ಣ,
ಚಿಮ್ಮದೆ, ಅವಸರವಿಲ್ಲದೆ.

ಆಮೇಲೆ ತಂತಿ, ತುದಿ ಕೊಕ್ಕೆಯಾಗಿ ಬಾಗಿದ್ದು.
ಅದರ ಬಾಲ ಬಿಡಬೇಡ, ಸಾಯಲಿ, ಯಾರು ಕರೆದರೂ.
ಮಾನಿಟರು ಎಡವಿತು, ಎರಡು ಬಡಿತ ಹೆಚ್ಚಿಗೆ:
ತುದಿ ಹೃದಯದ ಗೋಡೆ ಮುಟ್ಟಿದೆ.
ತುಸು ಹಿಂದೆ ತಂದೆ. ಇನ್ನೂ ತುಸು.
ಲಯ ಕೂತಿತು.
ತಂತಿಯ ಗುಂಟ ನಳಿಗೆ; ನಳಿಗೆಯೊಳಗಿಂದ ತಂತಿ ಹೊರಗೆ,
ಪೂರಾ ಹೊರಗೆ, ಬಟ್ಟಲಲ್ಲಿ, ನಾನೇ ನೋಡಿದೆ.
ಎಕ್ಸರೇಯಲ್ಲಿ ಅದರ ತುದಿ
ಹೃತ್ಕರ್ಣದ ಹೊಸ್ತಿಲಲ್ಲಿ ನಿಂತಿತ್ತು, ಒಳಗೆ ಕಾಲಿಡದೆ.

ದಸ್ತಗೀರನಿಗೆ ಹೇಳಿದೆ: ತಂತಿ ಒಳಗಿಲ್ಲ.
ಅವನು ತಲೆಯಾಡಿಸಿದ, ನಂಬಿದನೋ ಏನೋ,
ಬೆರಳು ಮಾತ್ರ ಗಾಳಿಯಲ್ಲಿ ಏನನ್ನೋ ಬಿಗಿಯುತ್ತಿತ್ತು.

ಐದೂವರೆಗೆ, ಪುಣೆ ಗಾಡಿ ಹೊರಡುವ ಹೊತ್ತಿಗೆ,
ಆಫ್ರೀನ್ ಅತ್ತಳು. ಬಾಯಿ ಪೂರ್ತಿ ತೆರೆದು.
ಎಡಗುತ್ತಿಗೆಯ ಮೇಲೆ ಒಂದು ಹೊರಸಿರೆ
ನೀಲಿಯಾಗಿ, ಕಿರುಬೆರಳಷ್ಟು ಉದ್ದ, ಎದ್ದು ನಿಂತಿತು.
‘ಇದು ರಾತ್ರಿ ಎಲ್ಲಿತ್ತು?’ ಸಾಯಲಿ ರೇಗಿದಳು.
ರಾತ್ರಿ ಇವಳಲ್ಲಿ ಅಳುವಷ್ಟು ರಕ್ತವಿರಲಿಲ್ಲ.

ತಾಯಿ ಗೌಸಬಿ ಅಥಣಿಯವಳು, ಕನ್ನಡದಲ್ಲಿ ಕೇಳಿದಳು:
‘ತಾಯಿತ ಕೊಳ್ಳಾಗ ಹಾಕೂದು ಆಗೂದಿಲ್ಲಲ್ರಿ. ಕಾಲಿಗೆ ಕಟ್ಟಲೇನು?’
ಕಟ್ಟು ತಂಗಿ, ಎಂದೆ.
ನಡುವೆ ಒಂದು ಬೆರಳು ಆಡುವಷ್ಟು ಸಡಿಲ ಬಿಡು.