ನಾಕನೇ ಮಗ್ಗದ ಮೋಟರ

ನಾಕನೇ ಮಗ್ಗ ತೂಕಕ್ಕ ಹೋತು.
ಗುಜರಿ ಮಲಿಕ್‌ಜಾನ ಕಾಟಾ ಹಚ್ಚುವಾಗ
ಮೋಟರಷ್ಟ ಬಿಚ್ಚಿ ತಗದಿಟ್ಟೆ.
"ಅದನ್ನೂ ಹಾಕ್ರಿ ಕಾಕಾ, ಒಳಗ ತಾಂಬರ ಐತಿ," ಅಂದ.
ಕೊಡಲಿಲ್ಲ.

ಒಂದು ಎಚ್‌ಪಿ. ಹತ್ತೊಂಬತ್ತು ವರ್ಷ
ಬನಹಟ್ಟಿಯ ಈ ತಗಡಿನ ಕೆಳಗ
ಲಾಳಿ ಒಗದು ಒಗದು ದಣಿದಿಲ್ಲ.
ಊದಿದರ ಒಳಗಿಂದ ಇನ್ನಾ
ನೂಲಿನ ಜುಂಗು ಹಾರತಾವ.

ಚಾಕು ಮಾಡಬೇಕಂತ ತಲ್ಯಾಗ ಹೊಕ್ಕಿತ್ತು.
ಲಾರಿಯ ಕಮಾನಪಟ್ಟಿ ಒಂದು ಮೊಳ ಇತ್ತು.
ಎಂಟು ದಿನ ಕಾನಸ ತಿಕ್ಕಿದೆ,
ಸವದದ್ದು ಕಾನಸ.

ಅದಕ್ಕ ಈ ಯಂತ್ರ:
ಕೆಳಗ ಮೋಟರಿನ ಗಾಲಿ, ಮ್ಯಾಲೊಂದು, ಮುಂದೊಂದು,
ಮೂರಕ್ಕೂ ಸುತ್ತಿ ಎರಡಿಂಚಿನ ಸಾಣಿಪಟ್ಟಾ,
ಅದರ ಬೆನ್ನಿಗೆ ಸಪಾಟ ಕಬ್ಬಿಣದ ಫಳಿ,
ಬಿಗಿ ಹಿಡಿಯಾಕ ಲೂನಾ ಸ್ಟ್ಯಾಂಡಿನ ಸ್ಪ್ರಿಂಗು.

ಬಟನ್ ಒತ್ತಿದೆ. ತಿರುಗಿತು, ಉಲ್ಟಾ.
ಪಟ್ಟಾ ಮ್ಯಾಲಕ್ಕ ಓಡಿ ಕಿಡಿ ಎಲ್ಲಾ ಮೀಸಿಗೆ.
ದಾನವ್ವ ಕೊಡ ಕೆಳಗಿಟ್ಟು ನಗಾಕ ಹತ್ತಿದಳು.
ಮೂರು ತಂತ್ಯಾಗ ಎರಡು ಅದಲಿ ಬದಲಿ ಮಾಡಿದೆ.
ಇಷ್ಟ ನೋಡ್ರಿ, ತಿರುಗೂ ದಿಕ್ಕು ಬದಲಾಗೋದು.
ನನಗ ಐವತ್ತೆರಡು ವರ್ಷ ಹಿಡೀತು.

ಎರಡನೇ ಸಲ ಪಟ್ಟಾ ಸರಿದು ಸರಿದು
ಗಾಲಿ ಬಿಟ್ಟು ಹಾರಿ
ಗ್ವಾಡಿ ಮ್ಯಾಲಿನ ಕ್ಯಾಲೆಂಡರಿಗೆ ಬಡೀತು,
ದೀಪಾವಳಿ ತನಕ ಹರೀತು.
ಗಾಲಿಗೆ ಎರಡೂ ಕಡೆ ತಟ್ಟಿ ಕಟ್ಟಿದೆ,
ತಟ್ಟಿಗೆ ತಿಕ್ಕಿ ತಿಕ್ಕಿ ಪಟ್ಟಾದ ದಡಿ ಎಳಿ ಎಳಿ ಆತು.

ಬೆಳಗಾವಿ ಬಸ್ಸು ಹತ್ತಿದೆ, ಚೀಲದಾಗ ಗಾಲಿ.
ಉದ್ಯಮಬಾಗದ ಒಂದು ಓಣ್ಯಾಗ
ಭರಮಾ ಕಣಬರ್ಗಿ, ಲೇಥಿನ ಹಂತ್ಯಾಕ ಚಹಾ ಕುಡೀತಿದ್ದವ,
ಗಾಲಿ ಮ್ಯಾಲ ಹೆಬ್ಬಟ್ಟು ಎಳೆದು ನೋಡಿ ಅಂದ:
"ಸಪಾಟ ಮಾಡೀರಿ. ಸಪಾಟದ ಮ್ಯಾಲ ಯಾವ ಪಟ್ಟಾ ನಿಂದರತೈತಿ?
ನಡುವ ಒಂದು ಕೂದಲೆಳಿ ಉಬ್ಬ ಬೇಕು.
ನೀರು ತಗ್ಗಿಗೆ ಹರಿದರ
ಪಟ್ಟಾ ದಿಬ್ಬಕ್ಕ ಏರತೈತಿ."

ನಂಬಲಿಲ್ಲ.
ಊರು ಮುಟ್ಟೂತನಾ ತೊಡಿ ಮ್ಯಾಲ ಗಾಲಿ ಇಟ್ಟುಕೊಂಡು
ಆ ದಿಬ್ಬ ಹುಡುಕಿದೆ.
ಕಣ್ಣಿಗೆ ಸಿಗಲಿಲ್ಲ. ಯರಗಟ್ಟಿ ದಾಟಿದ ಮ್ಯಾಲ
ಬೆರಳಿಗೆ ಸಿಕ್ಕಿತು.

ಪಟ್ಟಾ ನಡುವ ನಿಂತತು.
ಬಾಜೂ ಮನಿಯ ಮಗ್ಗ ಖಟಪಟ, ಹಿಂದಿನ ಮನಿಯದೂ ಖಟಪಟ,
ನಡುವ ನನ್ನದೊಂದ
ಸೀರಿ ಹರಿದಂಥ ಸದ್ದು.

ಮೊದಲನೇ ಅಲಗು
ಸಿದ್ರಾಮನ ಕುಲುಮ್ಯಾಗ ಕೆಂಪಾಗಿ
ದಾನವ್ವನ ಕುಸುಬಿ ಎಣ್ಣ್ಯಾಗ ಮುಳುಗಿ ಬಂದದ್ದು.
(ಎರಡು ಲೀಟರ. ಇನ್ನಾ ಆಡಿಕೊಂತಾಳ.)
ಆಸಿಗೆ ಬಿದ್ದು ಒತ್ತಿದೆ.
ತುದಿಗೆ ನೀಲಿ ಬಂತು, ನವಿಲಿನ ಕುತ್ತಿಗಿ ಅಂಥಾದ್ದು.
ಸೀರಿಗೆ ಬಂದಿದ್ದರ ಗಿರಾಕಿ ಮುಗಿಬೀಳತಿದ್ದರು.
ಉಕ್ಕಿಗೆ ಬಂತಂದರ ಹದ ಹೋತು.

ಎರಡನೇದಕ್ಕ ಕೈಚೀಲ ಕಳದಿಟ್ಟೆ.
ಎಳಿ ಹರಿಯೂ ಮೊದಲ ಗೊತ್ತಾಗೂ ಬೆರಳು ಇವು,
ಉಕ್ಕು ಬಿಸಿ ಆಗೂದು ತಿಳೀಲಿಲ್ಲಂದ್ರ ಹ್ಯಾಂಗ?
ಚುರ್ ಅಂತು, ಬಕೀಟಿನ ನೀರಿಗೆ.
ಮತ್ತ ಪಟ್ಟಾಕ್ಕ. ಮತ್ತ ನೀರಿಗೆ.
ಕರೆಂಟ್ ಹೋಗೂದರಾಗ ಅಲಗು ಎದ್ದು ಬಂತು.

ದಾನವ್ವ ಉಳ್ಳಾಗಡ್ಡಿ ಕೊಯ್ದಳು.
ಏನೂ ಅನಲಿಲ್ಲ.
ಹಳೇ ಈಳಿಗಿ ಮಂಚದ ಕೆಳಗ ಸರಿಸಿದಳು.

ಪೇಂಟರ ಗುಳಪ್ಪ ಬೋರ್ಡ ಬರದು ತಂದ:
"ಇಲ್ಲಿ ಚಾಕು, ಕೊಡಲಿ, ಕತ್ತರಿಗೆ
ದಾರ ಹಿಡಿದು ಕೊಡಲಾಗುವುದು."
ಓದಿ ನಿಂತೆ.
"ಯಾಕ, ಏನ ತಪ್ಪಾತು?
ಬಾಯಾಗ ಎರಡೂ ಒಂದ ಅಲ್ಲೇನು?" ಅಂದ.
ಹೌದು, ನಮ್ಮ ಓಣ್ಯಾಗ ಎರಡೂ ಒಂದ.
ಮೂವತ್ತು ವರ್ಷ ಹಿಡಿದದ್ದೂ ಅದನ್ನ.

ಒಳಗ ಹೋಗಿ ಚಾಕು ತಂದು
ದ ಅಕ್ಷರದ ಕೆಳಗ
ಸಣ್ಣದೊಂದು ಸೀಳು ಎಳದೆ.
ಬಣ್ಣ ಇನ್ನಾ ಹಸಿ ಇತ್ತು.
ಚಾಕು ತಗಡಿನ ತನಕ ಇಳೀತು.