ತೊಕಿಯೆದಾನ ಮಿಟ್ಟು

ಹಿಮೇಜಿಯ ಈ ಗಲ್ಲಿಗೆ, ಡಿಸೆಂಬರಿನಲ್ಲಿ,
ಹೊಲಿಗೆ ಬಿಟ್ಟ ಮಿಟ್ಟನ್ನು ಟವೆಲಿನಲ್ಲಿ ಸುತ್ತಿ
ತರುತ್ತಾನೆ ತೊಕಿಯೆದಾ.

ಮೊದಲ ತಂಡದಲ್ಲಿ ಅವನು ಬ್ಯಾಟು ಹಿಡಿದದ್ದು ಒಂದೇ ಸಲ.
ಬಾರಿಸಿದ, ಓಡಿದ,
ಎರಡನೇ ಬೇಸಿಗೆ ಎದೆಯಡಿಯಾಗಿ ಜಾರಿ ಮುಟ್ಟಿದ.
ಆಮೇಲೆ ಮಳೆ.
ಆಟವೇ ನಡೆದಿಲ್ಲವೆಂದು ಬರೆದರು.
ತರಚಿದ ಮೊಣಕೈಗೆ
ಅದನ್ನು ಯಾರೂ ಹೇಳಲಿಲ್ಲ.

ಅಲ್ಲಿಂದ ಹದಿನಾಲ್ಕು ವರ್ಷ
ಗ್ಯಾಲರಿಯ ಹಿಂದಿನ ಓಣಿಯಲ್ಲಿ ಕುಕ್ಕರಗಾಲಲ್ಲಿ ಕೂತು
ಬೆಚ್ಚಗಾಗುವ ಬೌಲರುಗಳ ಚೆಂಡು ಹಿಡಿಯುವ ಕೆಲಸ.
"ಠಳ್ಳನೆ ಸದ್ದು ಬರಬೇಕು," ಅನ್ನುತ್ತಾನೆ,
"ತೋಳು ಸೋತ ಹುಡುಗನಿಗೂ
ಚೆಂಡಿನಲ್ಲಿ ಇನ್ನೂ ಜೀವ ಇದೆ ಅನ್ನಿಸಬೇಕು."
ಸುಳ್ಳಲ್ಲವೇನಯ್ಯಾ ಅದು, ಎಂದೆ.
ತೋರುಬೆರಳು ಎತ್ತಿ ತೋರಿಸಿದ.
ಅದು ಎತ್ತಲೋ ತೋರಿಸುತ್ತಿತ್ತು.

ಈ ಸಲ ಹೊಸ ದಾರ ಬೇಡವಂತೆ.
ಎಣ್ಣೆಯಷ್ಟೇ ಸಾಕು.
ಹಣ ಮೊದಲೇ ಎಣಿಸಿಟ್ಟ,
ಚಹಾ ಕುಡಿಯಲಿಲ್ಲ.

ಅವನು ತಿರುವು ದಾಟಿದ ಮೇಲೆ
ಎಣ್ಣೆಗೈಯಲ್ಲೇ ಮುಷ್ಟಿ ಕಟ್ಟಿ
ಮಿಟ್ಟಿನ ನಡುಗುಳಿಗೆ
ಒಂದು ಗುದ್ದಿದೆ.

ಪಕ್ಕದ ಮೀನಂಗಡಿಯ ಮುದುಕಿ
ಪರದೆ ಸರಿಸಿ ಕೇಳಿದಳು:
ಏನದು, ಏನು ಒಡೆಯಿತು?